ಸೋರುವುದನ್ನು ಮೊದಲು ನಿಲ್ಲಿಸಿ

ಪ್ರಶ್ನೆ: ನಮ್ಮದು ಉಜ್ಜಿನಿ. ಒಕ್ಕಲುತನದ ಮನೆ. ಮಕ್ಕಳ ಓದಿಗೆಂದು 2010ರಲ್ಲಿ ದಾವಣಗೆರೆಯ ವಿದ್ಯಾನಗರದ ಕಡೆ, ಎರಡನೇ ಮಹಡಿಯಲ್ಲಿ, ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡೆವು. ಹನ್ನೆರಡು ವರ್ಷ ನಾನೇ ಅಲ್ಲಿದ್ದು ಮಕ್ಕಳಿಗೆ ಅಡುಗೆ ಮಾಡಿ ಹಾಕಿದೆ. ಮಗಳ ಮದುವೆಯಾಯಿತು, ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಅತ್ತೆ ಹಾಸಿಗೆ ಹಿಡಿದ ಮೇಲೆ ನಾನೂ ಊರಿಗೆ ಬಂದೆ. ಈಗ ಫ್ಲ್ಯಾಟಿಗೆ ಬೀಗ. ಬಾಡಿಗೆಗೆ ಕೊಡೋಣ ಎಂದರೆ ಮನೆಯಲ್ಲಿ ಮೂರು ಮಾತು. ಯಜಮಾನರು "ಇದ್ದಂಗೇ ಕೊಡು, ಬಾಡಿಗೆಯವರಿಗೆ ಅರಮನೆ ಬೇಕೇನು" ಅನ್ನುತ್ತಾರೆ. ಮಗ ಫೋನಿನಲ್ಲಿ ಫೋಟೋ ಕಳಿಸುತ್ತಾನೆ, ಎಲ್ಲ ಹೊಸದು ಮಾಡಿಸಿಯೇ ಕೊಡಬೇಕಂತೆ. ಮೇಸ್ತ್ರಿ ಕೊಟ್ಟ ಪಟ್ಟಿ ಹೀಗಿದೆ: ಬಚ್ಚಲು ರಿಪೇರಿ 70 ಸಾವಿರ, ಬಣ್ಣ 45 ಸಾವಿರ, ಕರೆಂಟಿನ ಕೆಲಸ 15 ಸಾವಿರ, ಮಾಡ್ಯುಲರ್ ಕಿಚನ್ 1 ಲಕ್ಷ 60 ಸಾವಿರ, ಹೊಸ ಟೈಲ್ಸ್ 1 ಲಕ್ಷ 30 ಸಾವಿರ, ಫಾಲ್ಸ್ ಸೀಲಿಂಗ್ ಮತ್ತು ಲೈಟು 60 ಸಾವಿರ, ಕಪಾಟು ಬಾಗಿಲು 40 ಸಾವಿರ. ಒಟ್ಟು 5 ಲಕ್ಷ 20 ಸಾವಿರ. ಮಗ 3 ಲಕ್ಷ ಕೊಡುತ್ತಾನೆ, ಉಳಿದದ್ದು ಮೆಕ್ಕೆಜೋಳದ ದುಡ್ಡು. ಚೊಕ್ಕ ಮಾಡಿ ಬಣ್ಣ ಹೊಡೆಸಿದರೆ 12 ಸಾವಿರ, ಎಲ್ಲ ಹೊಸದಾದರೆ 14,500 ಬಾಡಿಗೆ ಬರುತ್ತದೆಂದು ಬ್ರೋಕರ್ ಹೇಳುತ್ತಾನೆ. ಮೈದುನ ಭೋಗ್ಯಕ್ಕೆ ಹಾಕಿ ಆ ದುಡ್ಡಲ್ಲೇ ರಿಪೇರಿ ಮಾಡಿಸಿ ಅನ್ನುತ್ತಾನೆ. ಒಂದು ಮಾತು ಬಿಟ್ಟೆ: ಬಚ್ಚಲಿನ ಪಕ್ಕದ ಕೋಣೆಯ ಗೋಡೆಯಲ್ಲಿ ಕೆಳಗಡೆ ಬಣ್ಣ ಉದುರುತ್ತದೆ. ಕೆಳಗಿನ ಮನೆಯವರು ಅವರ ಚಾವಣಿ ಒದ್ದೆಯಾಗಿದೆ ಅಂತ ಎರಡು ಸಲ ಫೋನ್ ಮಾಡಿದ್ದರು. ಏನು ಮಾಡಲಿ?
(ಹೆಸರು ಬೇಡ, ಉಜ್ಜಿನಿ)

ಉತ್ತರ: ಅಕ್ಕಾ, ಐದು ಲಕ್ಷದ ಮಾತು ಆಮೇಲೆ. ಮೊದಲು ಆ ಕೆಳಗಿನ ಮನೆಯ ಚಾವಣಿ.

ಬಿಟ್ಟ ಮಾತು ಎಂದು ಕೊನೆಗೆ ಸೇರಿಸಿದ್ದೀರಲ್ಲ, ನಿಮ್ಮ ಪತ್ರದ ಮುಖ್ಯ ವಿಷಯವೇ ಅದು. ನೀವು ಮನೆಯನ್ನು ಬಾಡಿಗೆಗೆ ಕೊಡಿ, ಬಿಡಿ, ಆ ನೀರು ನಿಲ್ಲಲೇಬೇಕು. ಬೀಗ ಹಾಕಿದ ಮನೆಯಲ್ಲಿ ಸೋರಿಕೆ ಕಡಿಮೆಯಾದಂತೆ ಕಾಣುತ್ತದೆ, ಯಾಕೆಂದರೆ ಯಾರೂ ಸ್ನಾನ ಮಾಡುತ್ತಿಲ್ಲ. ನಾಲ್ಕು ಜನರ ಸಂಸಾರ ಬಂದು ದಿನಕ್ಕೆ ನಾಲ್ಕು ಸಲ ನೀರು ಹೊಯ್ದುಕೊಂಡ ತಿಂಗಳಿಗೇ ಕೆಳಗಿನವರ ಫೋನು ಮತ್ತೆ ಬರುತ್ತದೆ. ಆಗ ಬಾಡಿಗೆಯವರನ್ನು ಒಳಗಿಟ್ಟುಕೊಂಡು ಬಚ್ಚಲು ಒಡೆಸಬೇಕು. ಅವರಿಗೂ ಹಿಂಸೆ, ನಿಮಗೂ ಹಿಂಸೆ, ಆ ತಿಂಗಳ ಬಾಡಿಗೆ ಕೇಳಲು ಬಾಯೂ ಬರುವುದಿಲ್ಲ. ಹಾಗಾಗಿ ಯಜಮಾನರ "ಇದ್ದಂಗೇ ಕೊಡು" ಎಂಬ ಮಾತು ಇಲ್ಲಿಗೆ ಬಿತ್ತು.

ಆದರೆ 70 ಸಾವಿರ ತೆಗೆದು ಮೇಸ್ತ್ರಿಯ ಕೈಗಿಡಬೇಡಿ. ಅದು ಯಾರ ಮನೆಯ ನೀರು, ಯಾವ ನೀರು ಅಂತ ಮೊದಲು ಗೊತ್ತಾಗಲಿ. ಗೋಡೆಯ ಮೇಲ್ಭಾಗದಲ್ಲಿ, ಚಾವಣಿಯ ಅಂಚಿನಲ್ಲಿ ತೇವ ಕಂಡಿದ್ದರೆ ಮೂರನೇ ಮಹಡಿಯವರ ಬಚ್ಚಲಿನ ಮೇಲೆ ಅನುಮಾನಪಡಬೇಕಿತ್ತು. ನಿಮ್ಮದು ಗೋಡೆಯ ಕೆಳಗಡೆ, ಜೊತೆಗೆ ಕೆಳಗಿನವರ ಚಾವಣಿಯೂ ಒದ್ದೆ. ಅಲ್ಲಿಗೆ ನಿಮ್ಮ ಬಚ್ಚಲೇ ಇರಬೇಕು. ಆದರೂ ಪರೀಕ್ಷೆ ಮಾಡಿಬಿಡಿ, ಖರ್ಚಿಲ್ಲದ ಪರೀಕ್ಷೆ ಅದು. ಬಚ್ಚಲಿನ ನೀರು ಹೋಗುವ ಕಿಂಡಿಗೆ ಬಟ್ಟೆ ಬಿಗಿಯಾಗಿ ತುರುಕಿ. ನೆಲದ ಮೇಲೆ ಒಂದೆರಡು ಇಂಚು ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು ಒಂದು ಹಗಲು ಒಂದು ರಾತ್ರಿ ಬಿಡಿ. ಆ ಹೊತ್ತಿನಲ್ಲಿ ಕೆಳಗಿನವರು ತಮ್ಮ ಚಾವಣಿ ನೋಡಿಕೊಳ್ಳಲಿ. ನೀರಿನ ಮಟ್ಟ ಗೆರೆಯಿಂದ ಇಳಿದು ಕೆಳಗೆ ತೇವ ಮೂಡಿದರೆ ನೆಲದ್ದೇ ತಪ್ಪು. ನೀರು ನಿಂತಲ್ಲೇ ನಿಂತಿದ್ದರೆ ಗೋಡೆಯೊಳಗೆ ಹೂತ ಪೈಪಿನದೋ, ಕಮೋಡಿನ ಬುಡದ್ದೋ ಇರಬೇಕು. ಅದಕ್ಕೆ ಪ್ಲಂಬರ್ ಸಾಕು, ಇಡೀ ಬಚ್ಚಲು ಒಡೆಯುವುದು ಬೇಡ. ಹೇಗೂ ಹೋಗಿರುತ್ತೀರಿ, ಫ್ಲಷ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಡಿ. ಗುಂಡಿ ಒತ್ತದೆಯೇ ಕಮೋಡಿಗೆ ನೀಲಿ ಇಳಿದರೆ ಟ್ಯಾಂಕಿನ ಒಳಗಿನ ವಾಷರ್ ಹೋಗಿದೆ ಎಂದು ತಿಳಿಯಿರಿ.

ನೆಲದ್ದೇ ತಪ್ಪು ಎಂದಾದರೂ ಮೊದಲು ಟೈಲ್ಸ್ ಸಂದುಗಳನ್ನು ಕೆರೆದು ಎಪಾಕ್ಸಿ ತುಂಬಿಸಿ ನೋಡಿ. ಹದಿನೈದು ವರ್ಷದ ಬಚ್ಚಲಿನಲ್ಲಿ ಸಂದುಗಳ ಸಿಮೆಂಟು ಎಂದೋ ತೊಳೆದುಹೋಗಿರುತ್ತದೆ. ಅದಾಗಿಯೂ ಸೋರಿದರೆ ಒಡೆಸಿ, ಒಳಗೆ ವಾಟರ್ ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಕೂರಿಸುವ ಮೊದಲೇ ಇದೇ ನೀರು ನಿಲ್ಲಿಸುವ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಮೇಸ್ತ್ರಿ ಅವಸರ ಮಾಡುತ್ತಾನೆ, ನೀವು ಮಾಡಬೇಡಿ. ಕೊನೆಯ ಕಂತನ್ನು ಆ ಪರೀಕ್ಷೆ ಮುಗಿದ ಮೇಲೆ ಕೊಡಿ. ಇನ್ನೊಂದು ಮಾತು: ಕಟ್ಟಡದ ಹೊರಗೋಡೆಗೆ ಅಂಟಿಕೊಂಡ ದೊಡ್ಡ ಪೈಪು ಎಲ್ಲ ಮನೆಗಳದ್ದು. ತಪ್ಪು ಅಲ್ಲಿದ್ದರೆ ಖರ್ಚು ಅಸೋಸಿಯೇಷನ್ನಿನದು, ನಿಮ್ಮೊಬ್ಬರದಲ್ಲ.

(ಹೊಸ ಫ್ಲ್ಯಾಟ್ ಕೊಂಡ ಓದುಗರಿಗೆ ನಡುವೆ ಒಂದು ಸೂಚನೆ. ಸ್ವಾಧೀನಕ್ಕೆ ಬಂದು ಐದು ವರ್ಷದೊಳಗೆ ಕಟ್ಟಡದ ಕೆಲಸದಲ್ಲಿ ದೋಷ ಕಂಡರೆ, 2016ರ ರೇರಾ ಕಾಯ್ದೆಯಂತೆ ಬಿಲ್ಡರ್ ತನ್ನ ಖರ್ಚಿನಲ್ಲಿ 30 ದಿನದೊಳಗೆ ಸರಿಮಾಡಿಕೊಡಬೇಕು. ಉಜ್ಜಿನಿಯ ಅಕ್ಕನಿಗೆ ಆ ಗಡುವು ದಾಟಿದೆ, ನಿಮಗೆ ದಾಟಿರಲಿಕ್ಕಿಲ್ಲ.)

ಈಗ ಪಟ್ಟಿಗೆ ಬರೋಣ. ನಿಮ್ಮ ಮೇಸ್ತ್ರಿ ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದಿರುವುದರಿಂದ ಎಲ್ಲವೂ ಒಂದೇ ತರಹದ ಖರ್ಚಿನಂತೆ ಕಾಣುತ್ತಿದೆ. ಚೀಟಿಯನ್ನು ಎರಡು ಮಾಡಿ. ಬಚ್ಚಲು, ಬಣ್ಣ, ಕರೆಂಟು ಸೇರಿ 1 ಲಕ್ಷ 30 ಸಾವಿರ ಒಂದು ಚೀಟಿ. ಕಿಚನ್, ಟೈಲ್ಸ್, ಫಾಲ್ಸ್ ಸೀಲಿಂಗ್, ಕಪಾಟು ಸೇರಿ 3 ಲಕ್ಷ 90 ಸಾವಿರ ಇನ್ನೊಂದು ಚೀಟಿ. ನಿಮ್ಮ ಕಡೆ ಮಣ್ಣಿನ ಮಾಳಿಗೆ ಇದ್ದವರು ಮುಂಗಾರಿಗೆ ಮುಂಚೆ ಮೇಲೆ ಹತ್ತಿ ಕರಲು ಮಣ್ಣು ಹರವಿ, ಬಿರುಕು ಮುಚ್ಚಿ, ನೀರು ಬೀಳುವ ದೋಣಿ ಸರಿಮಾಡುತ್ತಾರಲ್ಲ, ಮೊದಲ ಚೀಟಿ ಆ ಜಾತಿಯದು. ಅದಕ್ಕೆ ಲಾಭ ನಷ್ಟ ಕೇಳುವುದಿಲ್ಲ, ಮಾಡದಿದ್ದರೆ ಮನೆ ಉಳಿಯುವುದಿಲ್ಲ. ಎರಡನೆಯ ಚೀಟಿಗೆ ಮಾತ್ರ ಲೆಕ್ಕ ಕೇಳಿ.

ಲೆಕ್ಕ ಇಷ್ಟೇ. ಬ್ರೋಕರ್ ಹೇಳಿದ್ದು ನಿಜವೆಂದೇ ಹಿಡಿದರೆ ತಿಂಗಳಿಗೆ 2,500 ಹೆಚ್ಚು, ವರ್ಷಕ್ಕೆ 30 ಸಾವಿರ. 3 ಲಕ್ಷ 90 ಸಾವಿರ ವಾಪಸ್ ಬರಲು 13 ವರ್ಷ. ಅದೇ ದುಡ್ಡನ್ನು ಬ್ಯಾಂಕಿನಲ್ಲಿ ನೂರಕ್ಕೆ ಆರರ ಬಡ್ಡಿಗೆ ಇಟ್ಟರೂ ವರ್ಷಕ್ಕೆ 23,400 ಬರುತ್ತದೆ, ಅಸಲು ಅಲ್ಲೇ ಇರುತ್ತದೆ. ಅಂದರೆ ಇಷ್ಟೆಲ್ಲ ಧೂಳು ಕುಡಿದದ್ದಕ್ಕೆ ವರ್ಷಕ್ಕೆ ಉಳಿಯುವುದು 6,600 ರೂಪಾಯಿ, ಅಸಲು ಮಾತ್ರ ಪ್ಲೈವುಡ್ ಆಗಿ ಸಿಂಕಿನ ಕೆಳಗೆ ನೆನೆಯುತ್ತಾ ಕೂತಿರುತ್ತದೆ. ಆ ಕೆಲಸಕ್ಕೆ ಇನ್ನೆರಡು ತಿಂಗಳು ಮನೆ ಖಾಲಿ ಬಿತ್ತೆಂದರೆ 24 ಸಾವಿರ ಬಾಡಿಗೆ ಹೋಯಿತು. ಮೂರು ನಾಲ್ಕು ವರ್ಷದ ಉಳಿತಾಯ ಅಲ್ಲೇ ತೀರಿತು. ಬಾಡಿಗೆ ಮನೆಯ ಅಲಂಕಾರಕ್ಕೆ ಹಾಕಿದ ದುಡ್ಡು ನಾಲ್ಕು ವರ್ಷದೊಳಗೆ ಬಾಡಿಗೆಯಲ್ಲೇ ಮರಳಬೇಕು, ಇಲ್ಲದಿದ್ದರೆ ಕೈ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಹದಿಮೂರು ವರ್ಷ ಅದರ ಹತ್ತಿರಕ್ಕೂ ಬರುವುದಿಲ್ಲ.

ತೆರಿಗೆಯಲ್ಲಿ ಉಳಿಯುತ್ತದೆ ಎಂದು ಮಗ ಹೇಳಬಹುದು. ಉಳಿಯುವುದಿಲ್ಲ. ಬಾಡಿಗೆ ಆದಾಯದಲ್ಲಿ ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ರಷ್ಟನ್ನು ಆದಾಯ ತೆರಿಗೆಯವರು ತಾವಾಗಿಯೇ ಬಿಡುತ್ತಾರೆ. ನೀವು ರಿಪೇರಿಗೆ ಒಂದು ರೂಪಾಯಿ ಹಾಕಿದರೂ ಅಷ್ಟೇ, ಐದು ಲಕ್ಷ ಹಾಕಿದರೂ ಅಷ್ಟೇ. ಬಿಲ್ಲುಗಳನ್ನು ಮಾತ್ರ ಎತ್ತಿಡಿ, ಮುಂದೆ ಮನೆ ಮಾರುವಾಗ ಬಚ್ಚಲಿನಂಥ ದೊಡ್ಡ ಕೆಲಸದ ಕಾಗದ ನಿಮ್ಮ ಆಡಿಟರಿಗೆ ಬೇಕಾದೀತು.

ಇನ್ನು ಆ ಮನೆಗೆ ಬರುವವರು ಯಾರು ಅಂತ ಯೋಚಿಸಿ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಕಚೇರಿ ಕೆಲಸಕ್ಕೆ ಹೊಸಪೇಟೆಯ ಬಸ್ಸು ಹತ್ತಿದರೂ, ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ ಕೊಟ್ಟೂರು, ಹರಪನಹಳ್ಳಿ ಸೀಮೆಯವರಿಗೆ ದಾವಣಗೆರೆಯೇ ಹತ್ತಿರ. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜಿನಿಂದ ಹಿಡಿದು ಇವತ್ತಿನ ಪಿಯು ಕಾಲೇಜುಗಳವರೆಗೆ ಆ ಊರಿನ ಬಾಡಿಗೆ ಮನೆಗಳು ನಡೆಯುವುದು ಓದಿಗೆ ಬಂದವರಿಂದ. ನಿಮ್ಮ ಮನೆ ಕೇಳಿಕೊಂಡು ಬರುವವಳು ಬಹುಶಃ ಹತ್ತು ಹದಿನೈದು ವರ್ಷದ ಹಿಂದಿನ ನೀವೇ. ಗಂಡ ಹೊಲದಲ್ಲಿ, ಮಕ್ಕಳು ಕಾಲೇಜಿನಲ್ಲಿ, ನಡುವೆ ಒಬ್ಬ ತಾಯಿ. ಆಕೆಗೆ ಏನು ಬೇಕು ಅಂತ ನಿಮಗಿಂತ ಚೆನ್ನಾಗಿ ಬೆಂಗಳೂರಿನ ಮಗನಿಗೆ ಗೊತ್ತಿರಲು ಸಾಧ್ಯವಿಲ್ಲ. ರೊಟ್ಟಿ ಬಡಿದರೆ ಅಲ್ಲಾಡದ ಕಟ್ಟೆ ಬೇಕು. ಊರಿಂದ ಬರುವ ಜೋಳ, ಅಕ್ಕಿ ಚೀಲ ಇಡಲು ಒಣ ಮೂಲೆ ಬೇಕು. ಬಟ್ಟೆ ಒಣಹಾಕಲು ತಂತಿ, ಸೊಳ್ಳೆಗೆ ಜಾಲರಿ, ಓದುವ ಕೋಣೆಯಲ್ಲಿ ಪ್ಲಗ್ ಪಾಯಿಂಟು ಬೇಕು. ಫಾಲ್ಸ್ ಸೀಲಿಂಗ್ ಆಕೆಯ ಪಟ್ಟಿಯಲ್ಲಿ ಇಲ್ಲ.

ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂದು ನಿಮ್ಮ ಮರುಳಸಿದ್ಧೇಶ್ವರನ ಗುಡಿಯ ಕೆತ್ತನೆ ಕಂಡವರು ಹೇಳುತ್ತಾರೆ. ಬಾಡಿಗೆ ಮನೆ ನೋಡಲು ಬರುವ ಹೆಂಗಸರೂ ಒಳಗೇ ನೋಡುವುದು. ಗಂಡಸರು ಹಾಲಿನಲ್ಲಿ ನಿಂತು ಅಡ್ವಾನ್ಸ್ ಮಾತಾಡುತ್ತಿರುವಾಗ ಆಕೆ ಸಿಂಕಿನ ಕೆಳಗಿನ ಬಾಗಿಲು ತೆಗೆದು ಬಗ್ಗಿ ನೋಡಿರುತ್ತಾಳೆ. ಎಲ್ಲ ನಲ್ಲಿ ತಿರುಗಿಸಿ ನೀರಿನ ಬಿರುಸು ನೋಡಿರುತ್ತಾಳೆ, ಕಪಾಟಿಗೆ ಮೂಗು ಹಾಕಿ ಮುಗ್ಗಲು ವಾಸನೆ ಇದೆಯೋ ಅಂತ ನೋಡಿರುತ್ತಾಳೆ. ನೀವೇ ಹಾಗೆ ಮಾಡಿದವರು, ಹೌದೋ ಅಲ್ಲವೋ? ಬೋರಿನ ನೀರು ಗಡಸಿದ್ದರೆ ಹೊಳೆಯುವ ದುಬಾರಿ ನಲ್ಲಿಗಳ ಮೇಲೂ ವರ್ಷದೊಳಗೆ ಬಿಳಿ ಪೊರೆ ಕಟ್ಟುತ್ತದೆ. ಗಟ್ಟಿಯಾದ, ಸಾದಾ ನಲ್ಲಿ ಹಾಕಿಸಿ.

ಆದ್ದರಿಂದ ಅಡುಗೆಮನೆಯನ್ನು ಪೂರಾ ಬಿಟ್ಟುಬಿಡಿ ಅನ್ನುತ್ತಿಲ್ಲ. ಕಡಪ ಕಲ್ಲಿನ ಹಲಗೆಗಳು ಗಟ್ಟಿ ಇದ್ದರೆ ಇರಲಿ, ಅವಕ್ಕೆ ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲು ಹಾಕಿಸಿ, ಸಿಂಕ್ ತುಕ್ಕು ಹಿಡಿದಿದ್ದರೆ ಬದಲಿಸಿ. ನೆಲದ ಟೈಲ್ಸನ್ನು ಬೆರಳ ಗಂಟಿನಿಂದ ಬಡಿಯುತ್ತಾ ಹೋಗಿ, ಪೊಳ್ಳು ಸದ್ದು ಬಂದವನ್ನು, ಒಡೆದವನ್ನು ಮಾತ್ರ ತೆಗೆಸಿ ಹಾಕಿಸಿ. ಕರೆಂಟಿನ ಕೆಲಸದಲ್ಲಿ ಕಂಜೂಸಿ ಬೇಡ: ಅರ್ತಿಂಗ್ ಸರಿ ಇದೆಯೇ ನೋಡಿಸಿ, ಶಾಕ್ ಹೊಡೆದರೆ ತಾನೇ ಕರೆಂಟು ಕಡಿಯುವ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ, ಗೀಸರ್ ಹಳೆಯದಾದರೆ ತೆಗೆಸಿ. ಬಾಡಿಗೆಯವರ ಮಗುವಿಗೆ ಬಚ್ಚಲಿನಲ್ಲಿ ಶಾಕ್ ಹೊಡೆಯಿತು ಎಂಬ ಸುದ್ದಿ ಉಜ್ಜಿನಿಯಲ್ಲಿ ಕೂತು ಕೇಳುವಂಥದ್ದಲ್ಲ.

ಮುಂದೆ, ಹೊತ್ತಿನ ಮಾತು. ಕೊಟ್ಟೂರು ತೇರು ಈಗಷ್ಟೇ ಮುಗಿದಿದೆ, ಬಿಸಿಲು ಏರುತ್ತಿದೆ, ಗೋಡೆ ಒಣಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಓದಿಗೆ ಬರುವ ಸಂಸಾರಗಳು ಮನೆ ಹುಡುಕುವುದು ಮೇ ತಿಂಗಳಲ್ಲಿ, ಹಾಲು ಉಕ್ಕಿಸುವುದು ಜೂನ್ ಶಾಲೆ ಶುರುವಾಗುವ ಹೊತ್ತಿಗೆ. ಆ ಹಂಗಾಮು ತಪ್ಪಿದರೆ ಮನೆ ದಸರೆಯವರೆಗೂ ಖಾಲಿ ಬಿದ್ದೀತು. ಹಾಗಾಗಿ ಈ ತಿಂಗಳು ನೀರಿನ ಕೆಲಸ, ಮುಂದಿನ ತಿಂಗಳು ಗೋಡೆಗೆ ಗಾಳಿ ಬಿಸಿಲು, ಆಮೇಲೆ ಬಣ್ಣ. ಪೇಂಟರ್ ಬಂದು "ಮೇಡಂ, ಪುಟ್ಟಿ ಹಾಕಿ ಮುಚ್ಚಿಬಿಡ್ತೀನಿ" ಅಂದರೆ ಒಪ್ಪಬೇಡಿ. ಒದ್ದೆ ಗೋಡೆಯ ಮೇಲಿನ ಪುಟ್ಟಿ ಮೊದಲ ಮಳೆಗಾಲದಲ್ಲೇ ಬೊಬ್ಬೆ ಎದ್ದು ಉದುರುತ್ತದೆ, ನಿಮ್ಮ 45 ಸಾವಿರದಲ್ಲಿ ಒಂದು ಪಾಲು ಅದರೊಂದಿಗೆ ಹೋಗುತ್ತದೆ. ಬಣ್ಣ ತಿಳಿಯಾಗಿರಲಿ, ಒರೆಸಿದರೆ ಕಲೆ ಹೋಗುವಂಥದ್ದಿರಲಿ. ಕೆಲಸ ಶುರು ಮಾಡುವ ಮೊದಲು ಅಸೋಸಿಯೇಷನ್ನಿಗೆ ಒಂದು ಅರ್ಜಿ ಕೊಟ್ಟು, ಯಾವ ಹೊತ್ತಿನಲ್ಲಿ ಒಡೆಯಬಹುದು, ಮರಳು ಸಿಮೆಂಟು ಲಿಫ್ಟಿನಲ್ಲಿ ಒಯ್ಯಬಹುದೋ ಕೇಳಿಕೊಳ್ಳಿ. ನೀವು ಅಲ್ಲಿರುವುದಿಲ್ಲ, ಅತ್ತೆಯನ್ನು ಬಿಟ್ಟು ಬರಲೂ ಆಗುವುದಿಲ್ಲ. ಸಣ್ಣ ಕೆಲಸವನ್ನಾದರೆ ಪಕ್ಕದ ಮನೆಯವರ ಕಣ್ಣಳತೆಯಲ್ಲಿ ಮಾಡಿಸಬಹುದು, ಐದು ಲಕ್ಷದ ಕೆಲಸವನ್ನು ಊರಿಂದ ಫೋನಿನಲ್ಲಿ ಮಾಡಿಸಲಾಗದು. ನಾನು ಬೇಡ ಅನ್ನಲು ಇದೂ ಒಂದು ಕಾರಣ.

ಮೈದುನನ ಭೋಗ್ಯದ ಮಾತು ಕೇಳಲು ಸೊಗಸಾಗಿದೆ, ಆದರೆ ಬೇಡ. ಭೋಗ್ಯದ ದುಡ್ಡು ಸಾಲ. ಅವಧಿ ಮುಗಿದ ದಿನ ಪೂರ್ತಿ ವಾಪಸ್ ಕೊಡಬೇಕು. ಅದನ್ನು ಟೈಲ್ಸಿಗೆ ಸುರಿದು, ತಿಂಗಳ ಬಾಡಿಗೆಯೂ ಬರದೆ, ಮೂರು ವರ್ಷದ ಮೇಲೆ ಎಲ್ಲಿಂದ ತರುತ್ತೀರಿ? ಹೊಲ ಮಾರಿಯೇ? ಅದಲ್ಲದೆ ಭೋಗ್ಯ ಎಂಬುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ಬಗೆಯ ಅಡಮಾನ, ನೋಂದಣಿ ಮಾಡಿಸಲೇಬೇಕು. ನೂರು ರೂಪಾಯಿ ಬಾಂಡಿನ ಮೇಲೆ ಬರೆದುಕೊಂಡು ಕೈ ಬಿಡುವವರು ಬಹಳ ಜನ, ಜಗಳವಾದಾಗ ಎರಡೂ ಕಡೆಯವರು ಒದ್ದಾಡುತ್ತಾರೆ.

ತಿಂಗಳ ಬಾಡಿಗೆಗೇ ಕೊಡಿ, 11 ತಿಂಗಳ ಕರಾರು ಮಾಡಿಸಿ. ಒಂದು ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆ ಅಡ್ಡ ಬರುತ್ತದೆ, ಆ 11ರ ಲೆಕ್ಕ ಹುಟ್ಟಿದ್ದೇ ಅಲ್ಲಿಂದ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ನಮ್ಮಲ್ಲಿದೆ. ಹಿಡಿಯುವುದಾದರೆ ಈಗಲೇ ಕರಾರಿನಲ್ಲಿ ಬರೆಸಿ, ಆಮೇಲೆ ಮುಖ ಕೆಡಿಸಿಕೊಳ್ಳಬೇಡಿ. ಫ್ಯಾನು, ಲೈಟು, ನಲ್ಲಿ, ಬೀಗದ ಕೈ ಎಷ್ಟು ಅಂತ ಪಟ್ಟಿ ಮಾಡಿ, ಪ್ರತಿ ಗೋಡೆಯ ಫೋಟೋ ತೆಗೆದು ಎರಡೂ ಕಡೆ ಇಟ್ಟುಕೊಳ್ಳಿ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಆ ಮನೆಯ ಮೀಟರಿನ ಆರ್‌ಆರ್ ನಂಬರಿಗೆ ನಿಮ್ಮವರ ಆಧಾರ್ ಜೋಡಿಸಿದ್ದರೆ ಬೆಸ್ಕಾಂನಲ್ಲಿ ಬಿಡಿಸಿ. ಬಾಡಿಗೆಯವರು ತಮ್ಮದನ್ನು ಜೋಡಿಸಿಕೊಂಡರೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ ಅವರೇ ಅರ್ಹರು. ಇದಕ್ಕೆ ನಿಮಗೆ ಖರ್ಚಿಲ್ಲ, ಬರುವವರಿಗೆ ಮಾತ್ರ ನಿಮ್ಮ ಫಾಲ್ಸ್ ಸೀಲಿಂಗಿಗಿಂತ ಇದರ ಬೆಲೆ ಹೆಚ್ಚು.

ಕೊನೆಗೆ ಮಗನ ವಿಷಯ. ಅವನು ಕಳಿಸುವ ಫೋಟೋಗಳನ್ನು ನೀವು ಬಾಡಿಗೆ ಮನೆಯ ಲೆಕ್ಕದಲ್ಲಿ ನೋಡುತ್ತಿದ್ದೀರಿ. ಅವನು ಹಾಗೆ ನೋಡುತ್ತಿಲ್ಲ ಅಂತ ನನಗನ್ನಿಸುತ್ತದೆ. ಅದು ಅವನು ಬೆಳೆದ ಮನೆ, ಈಗ ಸಂಬಳ ಬರುತ್ತಿದೆ, ಅಮ್ಮ ಹೊಗೆ ಕುಡಿದ ಅಡುಗೆಮನೆಯನ್ನು ಚಂದ ಮಾಡಿಸುವ ಆಸೆ. ಆಸೆ ಒಳ್ಳೆಯದೇ, ಆದರೆ ಆ ಚಂದವನ್ನು ಅನುಭವಿಸುವವರು ಬೇರೆಯವರು. ವೈಶಾಖದಲ್ಲಿ ನಿಮ್ಮ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ಜಾತ್ರೆಗೆ ಹೇಗೂ ಊರಿಗೆ ಬರುತ್ತಾನಲ್ಲ, ಆಗ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: "ನೀನು ಆ ಮನೆಗೆ ಇರೋಕೆ ಬರ್ತೀಯೇನಪ್ಪ, ಯಾವಾಗ?" ಎರಡು ಮೂರು ವರ್ಷದಲ್ಲಿ ಬರುತ್ತೇನೆ ಅಂದರೆ, ಹೊಸ ಕಿಚನ್ನು ಆಗ ಹಾಕಿಸುವುದು ಜಾಣತನ, ಈಗ ಹಾಕಿಸಿ ಬೇರೆಯವರ ಕೈಯಲ್ಲಿ ಹಳತು ಮಾಡಿಸುವುದಲ್ಲ. ಬರುವುದಿಲ್ಲ ಅಂದರೆ ಅವನ ಮೂರು ಲಕ್ಷ ಅವನಲ್ಲೇ ಇರಲಿ, ಬೆಂಗಳೂರಿನಲ್ಲಿ ಅವನಿಗೇ ಮನೆ ಬೇಕಾದೀತು. ಈ ಮಾತನ್ನು ಯಜಮಾನರ ಎದುರಿಗೇ ಆಡಿ. ಅಪ್ಪ ಜಿಪುಣ ಎಂದು ಮಗನೂ, ಮಗ ದುಂದುಗಾರ ಎಂದು ಅಪ್ಪನೂ ಅಂದುಕೊಂಡಿರುವುದು ಅಲ್ಲೇ ತಿಳಿಯಾಗಲಿ.

ನನ್ನ ತೀರ್ಮಾನ: ಮೊದಲ ಚೀಟಿಯ ಕೆಲಸ ಮಾಡಿಸಿ, ಬಚ್ಚಲಿನದು ಮಾತ್ರ ಪರೀಕ್ಷೆ ಹೇಳಿದಷ್ಟೇ; ಎರಡನೆಯದರಲ್ಲಿ ಅಡುಗೆಮನೆಯ ಬಾಗಿಲು ಮತ್ತು ಪೊಳ್ಳು ಟೈಲ್ಸ್ ಬಿಟ್ಟು ಬೇರೇನೂ ಬೇಡ. ಮೇ ತಿಂಗಳಲ್ಲಿ ಮನೆ ತೋರಿಸುವಾಗ ಬಂದವರೆಲ್ಲ ಒಂದೇ ಸಂಗತಿ ಕೇಳಿದರೆ, ಸೊಳ್ಳೆ ಜಾಲರಿಯೋ ಇನ್ವರ್ಟರಿನ ವೈರಿಂಗೋ, ಅದನ್ನು ಮಾಡಿಸಿಕೊಡಿ. ಈ ವಾರವೇ ಕೆಳಗಿನ ಮನೆಯವರಿಗೆ ನೀವಾಗಿ ಫೋನ್ ಮಾಡಿ, ನೀರು ನಿಲ್ಲಿಸಿ ನೋಡಲು ಅವರಿಗೂ ಅನುಕೂಲವಾದ ಒಂದು ಭಾನುವಾರ ಗೊತ್ತುಮಾಡಿಕೊಳ್ಳಿ.